ಅಂಕ ಬಿಟ್ಟೆವು, ಲೀಗ್ ಆಡಿಸಿದೆವು: ಏಳು ಕಂತುಗಳ ಪಟ್ಟಿ ಮಾಡಿದ ನನ್ನ ಅನುಭವ

ನಮ್ಮ ಸಾಗರದ ಬಳಗ ಒಟ್ಟಿಗೆ ಕೂತು ಟಿವಿ ಧಾರಾವಾಹಿ ನೋಡುತ್ತದೆ, ಯಾವ ಕಂತು ಮೇಲೆ ಯಾವುದು ಕೆಳಗೆ ಅಂತ ಪಟ್ಟಿ ಮಾಡುತ್ತದೆ. ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಆ ಪಟ್ಟಿ ಮಾಡುವುದನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಈಗ ನಾವು ಎರಡೆರಡು ಕಂತುಗಳನ್ನು ಎದುರುಬದುರು ನಿಲ್ಲಿಸುತ್ತೇವೆ. ಪ್ರತಿ ಕಂತೂ ಉಳಿದ ಎಲ್ಲದರ ಜೊತೆ ಒಂದೊಂದು ಸಲ ಆಡಬೇಕು. ಯಾವುದು ಜಾಸ್ತಿ ಗೆಲ್ಲುತ್ತೋ ಅದು ಮೇಲೆ. ಇದೇ ನಮ್ಮ ಲೀಗ್. ಇದನ್ನು ಹೇಳಿದಾಗ ಶಿವಮೊಗ್ಗದ ಗೆಳೆಯರು ‘ಇದೇನು ವಾಲಿಬಾಲ್ ಪಂದ್ಯಾನಾ ಮಾರಾಯ’ ಅಂದಿದ್ದರು. ಆಮೇಲೆ ತೀರ್ಥಹಳ್ಳಿಯಲ್ಲಿ ಬೇರೆಯೇ ಜನರ ಮುಂದೆ ಇದನ್ನೇ ಆಡಿಸಿದೆವು. ಮೇಲಿನ ನಾಲ್ಕು ಸ್ಥಾನ ಒಂದಿಷ್ಟೂ ಬದಲಾಗದೆ ಬಂತು. ಗೆಳೆಯರು ಒಪ್ಪಿಕೊಂಡರು. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬಳಗ ಸೇರಿಸುವುದು, ಪ್ರೊಜೆಕ್ಟರ್ ಹೊಂದಿಸುವುದು ಇವೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ನಾವು ಹಿಡಿದದ್ದು ‘ದ ಲೌಡೆಸ್ಟ್ ವಾಯ್ಸ್’ ಅನ್ನುವ ಧಾರಾವಾಹಿ. ಅಮೆರಿಕದ ಶೋಟೈಮ್ ಚಾನೆಲ್ಲಿನಲ್ಲಿ 2019ರಲ್ಲಿ ಬಂದದ್ದು. ಫಾಕ್ಸ್ ನ್ಯೂಸ್ ಅನ್ನುವ ಅಲ್ಲಿನ ಸುದ್ದಿ ಚಾನೆಲ್ ಕಟ್ಟಿದ ರೋಜರ್ ಏಲ್ಸ್ ಹೇಗೆ ಏರಿದ, ಹೇಗೆ ಬಿದ್ದ ಅನ್ನುವ ಕತೆ. ಪತ್ರಕರ್ತ ಗೇಬ್ರಿಯಲ್ ಶೆರ್ಮನ್ ಬರೆದ ಪುಸ್ತಕ ಇದಕ್ಕೆ ಆಧಾರ. ಏಲ್ಸ್ ಪಾತ್ರ ಮಾಡಿದವರು ರಸೆಲ್ ಕ್ರೋ. ಈ ಪಾತ್ರಕ್ಕೇ ಅವರಿಗೆ 2020ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು. ಪ್ರತಿ ಕಂತಿಗೂ ಒಂದು ಇಸವಿಯೇ ಹೆಸರು: 1995, 2001, 2008, 2009, 2012, 2015, 2016. ಪಟ್ಟಿ ಮಾಡುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ‘ಆ ಮೂರನೇದು, ಅಲ್ಲ ನಾಲ್ಕನೇದು’ ಅಂತ ಒದ್ದಾಡಬೇಕಿಲ್ಲ. ಇಸವಿ ಹೇಳಿದರೆ ಸಾಕು, ಕಂತು ಕಣ್ಣ ಮುಂದೆ ಬರುತ್ತದೆ. ಏಳೇ ಕಂತು ಅನ್ನುವುದೂ ಮುಖ್ಯ. ಏಳಕ್ಕೆ 21 ಜೋಡಿ. ಹತ್ತು ಕಂತಾದರೆ 45 ಆಗುತ್ತದೆ. ಅಷ್ಟಕ್ಕೆ ಯಾರೂ ಕೂರುವುದಿಲ್ಲ.

ಹೊರದೇಶದ ಕತೆ ನಮ್ಮ ಕಡೆ ಯಾರು ನೋಡುತ್ತಾರೆ ಅಂತ ಕೇಳುವವರು ಈಗಲೂ ಇದ್ದಾರೆ. ಅವರಿಗೆ ನಾನು ಹೆಗ್ಗೋಡಿನ ಕಡೆ ಕೈ ತೋರಿಸುತ್ತೇನೆ. ನೀನಾಸಂ ಚಿತ್ರಸಮಾಜ ಶುರುವಾದದ್ದು 1973ರಲ್ಲಿ. ಪ್ರಪಂಚದ ದೊಡ್ಡ ದೊಡ್ಡ ಸಿನಿಮಾಗಳನ್ನು ಹಳ್ಳಿಯವರು ಆಗಲೇ ಕೂತು ನೋಡಿ, ವಾದ ಮಾಡಿ ಮನೆಗೆ ಹೋಗಿದ್ದಾರೆ. ನಮ್ಮ ಬಳಗದಲ್ಲೂ ಆ ಕಾಲದ ಪ್ರೇಕ್ಷಕರು ಇಬ್ಬರು ಮೂವರಿದ್ದಾರೆ. ಅವರಿಗೆ ಅರ್ಥವಾಗದ ಧಾರಾವಾಹಿ ಯಾವುದೂ ಇಲ್ಲ.

ಮೊದಲು ಅಂಕದ ಪಾಡು ಹೇಳುತ್ತೇನೆ. ಕಂತು ಮುಗಿದ ಕೂಡಲೇ ಚೀಟಿಯಲ್ಲಿ ಅಂಕ ಬರೆಯುವುದು ಅಂತ ಇಟ್ಟುಕೊಂಡಿದ್ದೆವು. ಬಳಗದಲ್ಲಿ ಒಬ್ಬರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಿ ಪಳಗಿದ ಕೈ. ಅವರಿಂದ ಆರಕ್ಕಿಂತ ಜಾಸ್ತಿ ಬರಲೇ ಇಲ್ಲ. ಅವರ ಪಕ್ಕ ಕೂರುವ ಮೆಡಿಕಲ್ ಶಾಪಿನವರು ಎಂಟಕ್ಕಿಂತ ಕೆಳಗೆ ಇಳಿಯಲಿಲ್ಲ. ಎಲ್ಲ ಕೂಡಿಸಿ ಭಾಗಿಸಿದರೆ ಏಳಕ್ಕೆ ಏಳು ಕಂತೂ ಏಳು, ಏಳೂವರೆ. ಅದರಿಂದ ಏನು ಗೊತ್ತಾಗುತ್ತೆ? ಇದ್ದ ಚೂರುಪಾರು ವ್ಯತ್ಯಾಸವೂ ನೋಡಿದ ಕ್ರಮದಲ್ಲೇ ಇತ್ತು. ಕೊನೆಗೆ ನೋಡಿದ 2016 ಎಲ್ಲಕ್ಕಿಂತ ಮೇಲೆ, ಮೊದಲು ನೋಡಿದ 1995 ತಳದ ಹತ್ತಿರ. ಅದು ನೆನಪಿನ ಪಟ್ಟಿ. ಕಂತಿನ ಗುಣಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ.

ಐದು ನಕ್ಷತ್ರಕ್ಕೆ ಇಳಿಸಿ ನೋಡಿದೆವು. ಇನ್ನೂ ಕೆಟ್ಟಿತು. ಎಲ್ಲರೂ ನಾಲ್ಕು ಹಾಕಿ ಎದ್ದು ಹೋದರು.

ಆಮೇಲೆ ನಾಕೌಟ್ ಮಾಡಿದೆವು. ಕಂತುಗಳ ಚೀಟಿ ಎತ್ತಿ ಜೋಡಿ ಮಾಡುವುದು, ಸೋತದ್ದು ಹೊರಗೆ. ಒಂದೇ ಸಂಜೆಗೆ ಮುಗಿಯುತ್ತದೆ, ಗಲಾಟೆ ಗಮ್ಮತ್ತು ಎಲ್ಲ ಇರುತ್ತದೆ. ಆದರೆ ಚೀಟಿಯ ಆಟದಲ್ಲಿ 2015 ಮತ್ತು 2009 ಮೊದಲ ಸುತ್ತಿನಲ್ಲೇ ಎದುರಾದವು. 2009 ಹೊರಗೆ ಬಿತ್ತು. 2008ಕ್ಕೆ ಆಡದೆಯೇ ಮುಂದಿನ ಸುತ್ತು ಸಿಕ್ಕಿತು. ಕೊನೆಗೆ ಪಟ್ಟಿ ಹಾಕಿದರೆ ಆಡದ ಕಂತು ಮೇಲೆ, ಗಟ್ಟಿ ಕಂತು ಕೆಳಗೆ. ಮೇಷ್ಟ್ರಿಗೆ ಸಿಟ್ಟೇ ಬಂತು. ‘ಇದು ಅನ್ಯಾಯ. ಎಲ್ಲವೂ ಎಲ್ಲದರ ಜೊತೆ ಆಡಲಿ’ ಅಂದರು. ಆ ಮಾತಿನಿಂದಲೇ ಲೀಗ್ ಹುಟ್ಟಿದ್ದು. ಲೆಕ್ಕ, ಡಬ್ಬಿ, ಪ್ರಶ್ನೆ ಇವು ಮೂರು ನನ್ನವು.

ಡಬ್ಬಿ ಯಾಕೆ ಬೇಕು ಅಂದರೆ, ಕೈ ಎತ್ತಿಸಿದರೆ ಜನ ಮೇಷ್ಟ್ರ ಮುಖ ನೋಡಿ ಕೈ ಎತ್ತುತ್ತಾರೆ. ಎರಡು ಖಾಲಿ ಹಾರ್ಲಿಕ್ಸ್ ಡಬ್ಬಿ, ಮುಚ್ಚಳದಲ್ಲಿ ತೂತು, ಒಬ್ಬೊಬ್ಬರ ಕೈಗೆ ಒಂದು ಹುಣಸೆ ಬೀಜ. ಪರದೆ ಹಿಂದೆ ಹೋಗಿ ಹಾಕಿ ಬರಬೇಕು. ಒಂದು ಜೋಡಿಗೆ ಮೂರು ನಾಲ್ಕು ನಿಮಿಷ ಸಾಕು. ಬಂದವರ ಸಂಖ್ಯೆ ಸಮ ಆಗಿದ್ದರೆ ನಾನು ಹಾಕುವುದಿಲ್ಲ. ಹಾಗಾಗಿ ಸಮಬಲ ಅನ್ನುವುದು ಬರುವುದೇ ಇಲ್ಲ.

ಪ್ರಶ್ನೆಯದ್ದೇ ದೊಡ್ಡ ಕೆಲಸ. ‘ಯಾವುದು ಚೆನ್ನಾಗಿದೆ’ ಅಂತ ಕೇಳಿದರೆ ಜನ ಒಳ್ಳೆಯವರಾಗಿ ಕಾಣಿಸುವ ಉತ್ತರ ಕೊಡುತ್ತಾರೆ. ‘ಯಾವುದು ಇಷ್ಟವಾಯಿತು’ ಅಂದರೆ ಜಗಳ ಜಾಸ್ತಿ ಇರುವ ಕಂತು ಗೆಲ್ಲುತ್ತದೆ. ನಾನು ಕೇಳುವುದು ಹೀಗೆ: ‘ಇವತ್ತು ಬರದೆ ಮನೆಯಲ್ಲೇ ಉಳಿದವರಿಗೆ ಇವೆರಡರಲ್ಲಿ ಒಂದನ್ನು ಮಾತ್ರ ತೋರಿಸಬಹುದು. ಯಾವುದನ್ನು ತೋರಿಸ್ತೀರಿ?’ ಈ ಪ್ರಶ್ನೆ ಕೇಳಿದ ಮೇಲೆ ಪರದೆ ಹಿಂದೆ ಹೋದವರು ಬೇಗ ಹೊರಗೆ ಬರಲಿಲ್ಲ. ನಿಂತು ಯೋಚಿಸಿದರು. ಆಗಲೇ ನನಗೆ ಇದು ಸರಿಹೋಗುತ್ತದೆ ಅನಿಸಿತ್ತು.

ಕೊನೆಗೆ ನೋಡಿದ್ದೇ ಗೆಲ್ಲುವ ರೋಗಕ್ಕೂ ಒಂದು ಔಷಧ ಮಾಡಿದೆ. ಏಳೂ ಕಂತು ಕ್ರಮವಾಗಿ ನೋಡಿ ಮುಗಿಸಿ, ಎರಡು ಮೂರು ವಾರ ಬಿಡುವುದು. ಮತದ ದಿನ ಪ್ರತಿ ಕಂತಿನ ನಡುವಿನಿಂದ ಹತ್ತು ಹನ್ನೆರಡು ನಿಮಿಷ ಮಾತ್ರ, ಇಸವಿ ಹಿಂದುಮುಂದು ಮಾಡಿ ತೋರಿಸುವುದು. ಕೊನೆಯ ದೃಶ್ಯ ಯಾವುದರದ್ದೂ ತೋರಿಸಬಾರದು. ಇನ್ನು 21 ಜೋಡಿಗಳನ್ನು ಯಾವ ಸರದಿಯಲ್ಲಿ ಇಡಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದನ್ನು ನಾನು ಇಲ್ಲಿ ಹೇಳುವುದಿಲ್ಲ. ನಮ್ಮ ಹಾಲ್‌ಗೆ ಬಂದು ಒಂದು ಸಂಜೆ ಕೂತರೆ ನಿಮಗೇ ಕಾಣುತ್ತದೆ.

ಫಲಿತಾಂಶ ಹೀಗಿತ್ತು. 2015 ಆರಕ್ಕೆ ಆರೂ ಗೆದ್ದಿತು. 2009 ಐದು, 1995 ನಾಲ್ಕು, 2016 ಮೂರು. ಉಳಿದ ಮೂರು ಕಂತು ತಲಾ ಒಂದೊಂದು ಗೆಲುವಿಗೆ ನಿಂತವು.

2016 ನಾಲ್ಕನೇ ಸ್ಥಾನಕ್ಕೆ ಹೋದದ್ದೇ ಎಲ್ಲರಿಗೂ ಆಶ್ಚರ್ಯ. ಮನುಷ್ಯ ಬೀಳುವ ಕಂತು ಅದು. ಗ್ರೆಚನ್ ಕಾರ್ಲ್‌ಸನ್ ಫಾಕ್ಸ್ ನ್ಯೂಸಿನಲ್ಲಿ ನಿರೂಪಕಿಯಾಗಿದ್ದವರು. ಏಲ್ಸ್ ಮೇಲೆ 2016ರ ಜುಲೈ 6ರಂದು ಲೈಂಗಿಕ ಕಿರುಕುಳದ ದಾವೆ ಹಾಕಿದರು. ಜುಲೈ 21ಕ್ಕೆ ಏಲ್ಸ್ ರಾಜೀನಾಮೆ ಕೊಟ್ಟ. ಇಪ್ಪತ್ತು ವರ್ಷ ಕಟ್ಟಿದ್ದು ಹದಿನೈದು ದಿನದಲ್ಲಿ ಹೋಯಿತು. ಅದನ್ನು ನೋಡುವಾಗ ಹಾಲ್‌ನಲ್ಲಿ ಶಿಳ್ಳೆಯೂ ಬಿತ್ತು. ಆದರೆ ಒಂದನ್ನು ಮಾತ್ರ ತೋರಿಸಬಹುದು ಅಂದಾಗ ಜನ 2015 ಆರಿಸಿದರು. ನನ್ನ ಅಭಿಪ್ರಾಯವೂ ಅದೇ. 2015ರಲ್ಲಿ ಕೂಗಾಟ ಇಲ್ಲ. ನವೋಮಿ ವಾಟ್ಸ್ ಮಾಡಿದ ಗ್ರೆಚನ್ ಪಾತ್ರ ಸುಮ್ಮನೆ ಕೆಲಸಕ್ಕೆ ಬರುತ್ತದೆ, ನಗುತ್ತದೆ, ಹೋಗುತ್ತದೆ. ಒಳಗೊಳಗೇ ಸಾಕ್ಷಿ ಕೂಡಿಸುತ್ತಾ ಇರುತ್ತದೆ. ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದೂ ಅದರಲ್ಲಿ ಸೇರಿದೆ. ಎದುರಿಗೆ ಕೂತವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಆ ಬಿಗಿ ಮುಂದಿನ ಕಂತಿನಲ್ಲಿ ಇಲ್ಲ.

ಇಲ್ಲಿ ನಮ್ಮ ಬಳಗದ ವಕೀಲರು ಒಂದು ವಿಷಯ ಬಿಡಿಸಿ ಹೇಳಿದರು. ಅದನ್ನು ಕೇಳದಿದ್ದರೆ 2015ರ ಅರ್ಧ ರುಚಿ ತಪ್ಪುತ್ತದೆ. ಗ್ರೆಚನ್ ಅವರ ಕೆಲಸದ ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತು ಇತ್ತು, ಅಂದರೆ ತಕರಾರನ್ನು ಕೋರ್ಟಿಗೆ ಒಯ್ಯದೆ ಮಧ್ಯಸ್ಥರ ಮುಂದೆಯೇ ತೀರಿಸಿಕೊಳ್ಳಬೇಕು. ಕಂಪನಿ ಮೇಲೆ ಹೋದರೆ ವಿಷಯ ಮುಚ್ಚಿದ ಬಾಗಿಲ ಹಿಂದೆಯೇ ಮುಗಿಯುತ್ತಿತ್ತು. ಹಾಗಾಗಿ ಆಕೆ ಕಂಪನಿ ಮೇಲೆ ಹೋಗದೆ, ಏಲ್ಸ್ ಒಬ್ಬನ ಮೇಲೇ ನ್ಯೂಜೆರ್ಸಿಯ ಕೋರ್ಟಿಗೆ ಹೋದರು. ‘ಈ ಒಂದು ಹೆಜ್ಜೆಗೇ ಕೇಸು ಅರ್ಧ ಗೆದ್ದಂಗೆ’ ಅಂದರು ವಕೀಲರು. ಅದಾದ ಮೇಲೆ ಮತ ಹಾಕಿಸಬಾರದು ಅಂತ ಕೆಲವರು ತಕರಾರು ತೆಗೆದರು. ತೀರ್ಥಹಳ್ಳಿಯಲ್ಲಿ ಈ ವಿವರಣೆ ಇಲ್ಲದೆಯೇ ಮತ ಹಾಕಿಸಿದೆ. ಅಲ್ಲೂ 2015 ಮೊದಲೇ ಬಂತು.

ಈಗ 2009. ಇದಕ್ಕೆ ಎರಡನೇ ಸ್ಥಾನ ಯಾಕೆ ಅಂತ ಬೆಂಗಳೂರಿನಲ್ಲಿರುವ ನನ್ನ ಭಾವ ಈಗಲೂ ಫೋನ್ ಮಾಡಿ ಕೇಳುತ್ತಾರೆ. ಅವರ ಪ್ರಕಾರ ಅದು ನಡುವಿನ ಕಂತು, ಮುಖ್ಯ ಕತೆಯಿಂದ ದೂರ. ನಮಗೆ ಹಾಗೆ ಕಾಣಲಿಲ್ಲ. ಏಲ್ಸ್‌ಗೆ ನ್ಯೂಯಾರ್ಕ್ ನಗರದ ಉತ್ತರಕ್ಕೆ, ಹಡ್ಸನ್ ನದಿ ದಂಡೆಯ ಕೋಲ್ಡ್ ಸ್ಪ್ರಿಂಗ್ ಅನ್ನುವ ಸಣ್ಣ ಊರಿನ ಹತ್ತಿರ ಮನೆ ಇತ್ತು. ಬೆಟ್ಟ, ನದಿ, ಪರಸ್ಪರ ಮುಖ ಪರಿಚಯ ಇರುವ ಜನ. ಆ ಊರಿನ ಪತ್ರಿಕೆಯನ್ನೇ 2008ರಲ್ಲಿ ಕೊಂಡುಕೊಂಡ. ಹೆಂಡತಿ ಬೆತ್ ಅದರ ಪ್ರಕಾಶಕಿ ಆದರು. ಆ ಪಾತ್ರ ಮಾಡಿದವರು ಸಿಯೆನ್ನಾ ಮಿಲ್ಲರ್. ದೇಶದ ಅಧ್ಯಕ್ಷರ ಜೊತೆ ಜಗಳಕ್ಕೆ ನಿಂತ ಮನುಷ್ಯ ಊರಿನ ಜಮೀನು ನಿಯಮದ ಜಗಳಕ್ಕೂ ಅಷ್ಟೇ ಜೋರಾಗಿ ನಿಲ್ಲುತ್ತಾನೆ.

ತಾಲ್ಲೂಕಿನ ನಾಲ್ಕು ಪುಟದ ಪತ್ರಿಕೆ ಓದಿ ಬೆಳೆದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆ ಧಾರಣೆ, ಯಾರೋ ತೀರಿಕೊಂಡ ಫೋಟೊ, ಯಾವ ರಸ್ತೆಗೆ ಯಾವಾಗ ಡಾಂಬರು, ಶಾಲೆ ವಾರ್ಷಿಕೋತ್ಸವ. ಇಷ್ಟೇ ಇರುವುದು. ಆದರೆ ಅದರ ಮಾಲೀಕ ಬದಲಾದರೆ ಊರಿನ ಜಗಳದ ಮುಖವೇ ಬದಲಾಗುತ್ತದೆ. ಯಾರ ಹೇಳಿಕೆ ಮೇಲೆ ಬರುತ್ತೆ, ಯಾರದ್ದು ಬರುವುದೇ ಇಲ್ಲ ಅನ್ನುವುದು ಚಹಾದ ಅಂಗಡಿಯಲ್ಲೇ ಗೊತ್ತಾಗುತ್ತದೆ. 2009 ಮುಗಿದ ಮೇಲೆ ನಮ್ಮಲ್ಲಿ ನಡೆದಷ್ಟು ಮಾತು ಬೇರೆ ಯಾವ ಕಂತಿಗೂ ನಡೆಯಲಿಲ್ಲ. ರಾತ್ರಿ ಹತ್ತೂವರೆ ಆಗಿತ್ತು, ಹೊಸನಗರದ ಕಡೆಯವರು ಬೈಕಿನಲ್ಲಿ ಮಳೆಯಲ್ಲೇ ಹೋಗಬೇಕಿತ್ತು. ಆದರೂ ಏಳಲಿಲ್ಲ. ಈ ಕಂತನ್ನು ಅಂಕದ ಪದ್ಧತಿ ಐದನೇ ಸ್ಥಾನಕ್ಕೆ ತಳ್ಳಿತ್ತು, ನಾಕೌಟ್ ಹೊರಗೇ ಹಾಕಿತ್ತು. ಲೀಗ್ ಅದನ್ನು ಅದರ ಜಾಗಕ್ಕೆ ತಂದಿತು. ಈ ಒಂದು ಕಾರಣಕ್ಕೇ ನನಗೆ ಈ ಪದ್ಧತಿ ಮೇಲೆ ಪೂರ್ತಿ ನಂಬಿಕೆ.

1995ರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಎನ್‌ಬಿಸಿಯಿಂದ ಹೊರಬಿದ್ದ ಏಲ್ಸ್, ಮಾಧ್ಯಮ ದೊರೆ ರೂಪರ್ಟ್ ಮರ್ಡಾಕ್ ಜೊತೆ ಸೇರಿ ಹೊಸ ಚಾನೆಲ್ ಕಟ್ಟುವ ಓಟ. ಫಾಕ್ಸ್ ನ್ಯೂಸ್ ಶುರುವಾದದ್ದು 1996ರ ಅಕ್ಟೋಬರ್ 7ರಂದು. ಕೆಲಸ ಕಟ್ಟುವುದನ್ನು ನೋಡುವ ಖುಷಿ ಬೇರೆ. ವ್ಯಾಪಾರ ಮಾಡುವವರೆಲ್ಲ ಇದಕ್ಕೇ ಬೀಜ ಹಾಕಿದರು.

ಕೆಳಗಿನ ಮೂರರಲ್ಲಿ ಒಂದು ಗಂಟು ಬಿತ್ತು. 2001 ಕಂತು 2008ನ್ನು ಸೋಲಿಸಿತು. 2008 ಕಂತು 2012ನ್ನು ಸೋಲಿಸಿತು. 2012 ಹೋಗಿ 2001ನ್ನು ಸೋಲಿಸಿತು! ಶಿವಮೊಗ್ಗದವರು ಇದನ್ನು ಹಿಡಿದುಕೊಂಡೇ ‘ನಿನ್ನ ಪದ್ಧತಿ ಸುತ್ತು ಹೊಡೀತಿದೆ’ ಅಂದರು. ಸುತ್ತು ಹೊಡೆಯುವುದು ಪದ್ಧತಿಯ ದೋಷ ಅಲ್ಲ. ಆ ಮೂರು ಕಂತು ನಿಜವಾಗಿಯೂ ಒಂದೇ ತೂಕದವು ಅಂತ ಅದು ಹೇಳುತ್ತಿದೆ. ಅಂಕ ಕೊಟ್ಟಿದ್ದರೆ 7.1, 7.2 ಅಂತ ಸುಳ್ಳು ವ್ಯತ್ಯಾಸ ತೋರಿಸುತ್ತಿತ್ತು. ನಾವು ಎಷ್ಟು ಬೀಜದ ಅಂತರದಲ್ಲಿ ಸೋತಿತು ಅಂತ ಎಣಿಸಿ 2001ಕ್ಕೆ ಐದನೇ ಸ್ಥಾನ, 2008ಕ್ಕೆ ಆರನೇದು, 2012ಕ್ಕೆ ಏಳನೇದು ಕೊಟ್ಟೆವು. ತೀರ್ಥಹಳ್ಳಿಯಲ್ಲಿ ಈ ಮೂರರ ಒಳಗಿನ ಕ್ರಮ ಬೇರೆ ಬಂತು. ಅಷ್ಟೇ ಬದಲಾದದ್ದು.

2001 ಮತ್ತು 2008ರಲ್ಲಿ ಲಾರಿ ಲೂನ್ ಅವರ ಭಾಗ ನೋಡುವುದು ಕಷ್ಟ. ಏಲ್ಸ್ ಕೈಕೆಳಗೆ ವರ್ಷಗಟ್ಟಲೆ ಹಿಂಸೆ ಅನುಭವಿಸಿದ ಹೆಣ್ಣು. ಅನಬೆಲ್ ವಾಲಿಸ್ ಆ ಪಾತ್ರವನ್ನು ಚೆನ್ನಾಗಿ ಮಾಡಿದ್ದಾರೆ. ಬಳಗದ ಹೆಂಗಸರಲ್ಲಿ ಇಬ್ಬರು ಎದ್ದು ಹೊರಗೆ ಹೋಗಿ ಜಗಲಿಯಲ್ಲಿ ಕೂತರು. ಅದನ್ನು ನೋಡಿದ ಮೇಲೆ ಒಂದು ಪಕ್ಕದ ಪ್ರಯೋಗ ಮಾಡಿದೆ. ಹೆಂಗಸರಿಗೆ ಬೇರೆ ಡಬ್ಬಿ, ಗಂಡಸರಿಗೆ ಬೇರೆ. ಗಂಡಸರ ಡಬ್ಬಿಯಲ್ಲಿ 2015 ಮತ್ತು 2016 ಹತ್ತಿರ ಹತ್ತಿರ. ಹೆಂಗಸರ ಡಬ್ಬಿಯಲ್ಲಿ 2015ರ ಎದುರು 2016ಕ್ಕೆ ಒಂದೋ ಎರಡೋ ಬೀಜ, ಅಷ್ಟೇ. ನಮ್ಮ ಅತ್ತಿಗೆ ಹೇಳಿದ್ದು: ‘ಬಿದ್ದದ್ದು ಎಲ್ಲರಿಗೂ ಕಾಣ್ತದೆ. ಅದಕ್ಕೂ ಮುಂಚೆ ಒಬ್ಬಳೇ ಹೆಂಗೆ ತಡ್ಕೊಂಡಿದ್ಲು ಅನ್ನೋದನ್ನ ತೋರಿಸಬೇಕು.’ ಒಂದೇ ಡಬ್ಬಿ ಇಟ್ಟಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಮುಂದಿನ ಸಲ ವಯಸ್ಸಿನ ಪ್ರಕಾರವೂ ಡಬ್ಬಿ ಮಾಡಬೇಕು ಅಂತಿದೆ.

ಇನ್ನೊಂದು ಪ್ರಯೋಗ ಮಳೆಯಿಂದ ಆಯಿತು. ನಮ್ಮ ಹಾಲ್ ಇರುವುದು ಒಂದು ಅಡಿಕೆ ಮಂಡಿಯ ಮೇಲೆ, ಜಿಂಕ್ ಶೀಟಿನ ಮಾಡು. ಪುನರ್ವಸು ಮಳೆ ಹಿಡಿದರೆ ಸ್ಪೀಕರ್ ಎಷ್ಟು ಜೋರು ಮಾಡಿದರೂ ಕೇಳುವುದಿಲ್ಲ. ಪರದೆಯ ಕೆಳಗೆ ಬರುವ ಮಾತಿನ ಅಕ್ಷರ ಓದಿಕೊಂಡು ನೋಡಿದೆವು. ಓದಲು ಆಗದವರಿಗೆ ಕಾಲೇಜು ಹುಡುಗಿ ಒಬ್ಬಳು ಪಕ್ಕ ಕೂತು ಕನ್ನಡದಲ್ಲಿ ಹೇಳಿದಳು. ಆಗ ಒಂದು ಯೋಚನೆ ಬಂತು. ಪೂರ್ತಿ ಶಬ್ದ ತೆಗೆದು, ಅಕ್ಷರವನ್ನೂ ತೆಗೆದು, ಸುಮ್ನೆ ಮೈ ಮುಖ ನೋಡಿ ಮತ ಹಾಕಿದರೆ ಹೇಗೆ? ರಸೆಲ್ ಕ್ರೋ ಈ ಪಾತ್ರಕ್ಕೆ ಮುಖಕ್ಕೆ ಮೈಗೆ ಮೇಕಪ್ಪು ಕಟ್ಟಿಸಿಕೊಂಡು ಆಕಾರವನ್ನೇ ಬದಲಿಸಿಕೊಂಡಿದ್ದಾರೆ. ಇಸವಿಯಿಂದ ಇಸವಿಗೆ ನಡಿಗೆ ಭಾರ ಆಗುತ್ತಾ ಹೋಗುತ್ತದೆ. ಶಬ್ದ ಇಲ್ಲದೆ ನೋಡಿದಾಗ 2012 ತಳದಿಂದ ಮೇಲೆ ಎದ್ದಿತು, 2009 ಕೆಳಗೆ ಇಳಿಯಿತು. ಅಂದರೆ 2009ರ ಬಲ ಪೂರ್ತಿ ಮಾತಿನಲ್ಲಿದೆ. ಇದನ್ನು ನೀವೂ ಯಾವುದಾದರೂ ಧಾರಾವಾಹಿಗೆ ಮಾಡಿ ನೋಡಿ, ಬರಹದ ಕಂತು ಯಾವುದು, ನಟನೆಯ ಕಂತು ಯಾವುದು ಅಂತ ಬೇರೆಯಾಗುತ್ತದೆ.

ಅದೇ ವಿಷಯದ ಮೇಲೆ 2019ರಲ್ಲೇ ‘ಬಾಂಬ್‌ಶೆಲ್’ ಅನ್ನುವ ಸಿನಿಮಾ ಬಂದಿದೆ. ಅದರಲ್ಲಿ ಏಲ್ಸ್ ಆದವರು ಜಾನ್ ಲಿತ್‌ಗೋ, ಗ್ರೆಚನ್ ಆದವರು ನಿಕೋಲ್ ಕಿಡ್‌ಮನ್. ಅದನ್ನು ಎಂಟನೇ ಆಟಗಾರ ಅಂತ ಇಳಿಸಿದೆ. 2015, 2016 ಎರಡರ ಎದುರೂ ಸೋತಿತು, 2008 ಮತ್ತು 2012ರ ಎದುರು ಗೆದ್ದಿತು. ಹೊರಗಿನ ಒಂದು ಕೃತಿ ತಂದು ಹೀಗೆ ನಡುವೆ ನಿಲ್ಲಿಸಿದರೆ ಒಂದು ಗೆರೆ ಎಳೆದ ಹಾಗೆ ಆಗುತ್ತದೆ. ಗೆರೆಗಿಂತ ಮೇಲಿನದ್ದು ಧೈರ್ಯವಾಗಿ ಹೊಸಬರಿಗೆ ತೋರಿಸಬಹುದು.

ದುಡ್ಡಿನ ವಿಷಯ. ಹಳೇ ಪ್ರೊಜೆಕ್ಟರ್ 17-18 ಸಾವಿರಕ್ಕೆ ತಂದದ್ದು. ನಡುವೆ ಅದರ ಲ್ಯಾಂಪ್ ಸುಟ್ಟು ಇನ್ನೊಂದು ಆರು ಸಾವಿರ ಹೋಯಿತು. ಮಳೆಗಾಲದಲ್ಲಿ ಕರೆಂಟ್ ನಂಬಿ ಕೂರುವ ಹಾಗಿಲ್ಲ, ಯುಪಿಎಸ್ ಬ್ಯಾಟರಿಗೆ 12-13 ಸಾವಿರ. ಹಾಲ್ ಬಾಡಿಗೆ ಸಂಜೆಗೆ 300. ಮಂಡಕ್ಕಿ, ಕಾಫಿ, ಕಷಾಯ ತಲೆಗೆ 15 ರೂಪಾಯಿ ಬೀಳುತ್ತದೆ. ಎಲ್ಲ ಸೇರಿ 45 ಸಾವಿರದ ಹತ್ತಿರ ಆಗಿರಬೇಕು. ಬಳಗದವರು ಹಾಕಿದ್ದು ಮುಕ್ಕಾಲು ಭಾಗ, ಉಳಿದದ್ದು ನನ್ನ ಕೈಯಿಂದ. ಲ್ಯಾಂಪ್ ಮಾರಿದ ಅಂಗಡಿಯವರು ಮೊದಲು ಕೊಟ್ಟದ್ದು ನಕಲಿ ಮಾಲು, ನಾಲ್ಕು ಸಂಜೆಗೂ ಬರಲಿಲ್ಲ, ದುಡ್ಡು ವಾಪಸ್ ಕೊಡಲಿಲ್ಲ. ಹಾಗಾಗಿ ಹೊಸದಾಗಿ ಶುರು ಮಾಡುವವರಿಗೆ ನನ್ನ ಮಾತು: ಪ್ರೊಜೆಕ್ಟರ್ ಗೋಜಿಗೆ ಹೋಗಬೇಡಿ. ಯಾರದ್ದಾದರೂ ಮನೆಯ ದೊಡ್ಡ ಟಿವಿ ಸಾಕು. ಡಬ್ಬಿ ಮತ್ತು ಹುಣಸೆ ಬೀಜಕ್ಕೆ ಖರ್ಚೇ ಇಲ್ಲ.

ತೀರ್ಥಹಳ್ಳಿಗೆ ಹೋದದ್ದು ಅಡಿಕೆ ಕೊನೆಕೊಯ್ಲು ಮುಗಿದ ಮೇಲೆ. ಅದಕ್ಕೂ ಮುಂಚೆ ಯಾರೂ ಸಿಗುವುದಿಲ್ಲ. ಅಲ್ಲಿನ ಜನಕ್ಕೆ ನಮ್ಮ ಪಟ್ಟಿ ತೋರಿಸಿರಲಿಲ್ಲ. ಅಲ್ಲಿ ಅರ್ಧಕ್ಕರ್ಧ ಜನ ಇಪ್ಪತ್ತರ ಆಸುಪಾಸಿನವರು. ನಮ್ಮಲ್ಲಿ ಐವತ್ತು ದಾಟಿದವರೇ ಜಾಸ್ತಿ. ಶಿವಮೊಗ್ಗದಿಂದ ಇಬ್ಬರು ಗೆಳೆಯರು ಡಬ್ಬಿ ಕಾಯಲು ತಾವೇ ಬಂದು ಕೂತರು. ಎಣಿಸಿದವರೂ ಅವರೇ. 2015, 2009, 1995, 2016 ಅಂತ ಅವರ ಬಾಯಿಂದಲೇ ಬಂದಾಗ ನನಗೆ ಆದ ಸಂತೋಷ ಹೇಳಲು ಆಗುವುದಿಲ್ಲ. ಅವರಲ್ಲಿ ಒಬ್ಬರು ವಾಪಸ್ ಬರುವಾಗ ಮಂಡಗದ್ದೆ ಹತ್ತಿರ ಕಾರು ನಿಲ್ಲಿಸಿ, ಜೋಡಿಗಳ ಸರದಿಯ ಗುಟ್ಟು ಏನು ಅಂತ ಕೇಳಿದರು. ಅವರಿಗೂ ಹೇಳಲಿಲ್ಲ.

ಹತ್ತು ಕಂತಿನ ಧಾರಾವಾಹಿಗೆ ಇದನ್ನು ಹಿಗ್ಗಿಸುವ ಕೆಲಸ ಈಗ ಹಿಡಿದಿದ್ದೇನೆ. 45 ಜೋಡಿಯನ್ನು ಎರಡು ಸಂಜೆಗೆ ಹಂಚಿದರೆ ಎರಡನೇ ಸಂಜೆ ಬೇರೆ ಜನ ಬರುತ್ತಾರೆ, ಲೆಕ್ಕ ಕೆಡುತ್ತದೆ. ಐದೈದರ ಎರಡು ಗುಂಪು ಮಾಡಿ, ಮೇಲಿನ ಮೂರು ಮೂರನ್ನು ಮತ್ತೆ ಆಡಿಸುವುದು ಅಂತ ಯೋಚನೆ. ಗುಂಪಿನಲ್ಲಿ ಹತ್ತು ಹತ್ತು, ಆಮೇಲೆ ಆರರ ಲೀಗಿಗೆ ಹದಿನೈದು. ಒಟ್ಟು 35ಕ್ಕೆ ಇಳಿಯುತ್ತದೆ. ಒಂದು ಭಾನುವಾರ ಬೆಳಿಗ್ಗೆ ಕೂತರೆ ಊಟದ ಹೊತ್ತಿಗೆ ಮುಗಿಸಬಹುದು. ಗುಂಪು ಮಾಡುವಾಗ ಎಲ್ಲ ಗಟ್ಟಿ ಕಂತು ಒಂದೇ ಕಡೆ ಬೀಳದ ಹಾಗೆ ಹೇಗೆ ನೋಡಿಕೊಳ್ಳುವುದು ಅನ್ನುವುದೊಂದು ಬಾಕಿ ಇದೆ. ಯಾರಾದರೂ ಮಾಡಿ ನೋಡಿದ್ದರೆ ತಿಳಿಸಿ.